ಹನ್ನೊಂದು ಮಂದಿಗಿ ಕಳಸದಿದ್ರ ಏನಾಗ್ತದ?

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಮ್ಮವ್ವಗ ವಾಟ್ಸಾಪಿನ್ಯಾಗ ಗಾಣಗಾಪುರ ದತ್ತನ ಫೋಟೋ ಬಂತ್ರಿ, 11 ಮಂದಿಗಿ ಕಳಿಸಿದ್ರ ನಾಕ್ ದಿನದಾಗ ಶುಭ ಸುದ್ದಿ, ಕಳಸ್ಲಿಲ್ಲಂದ್ರ ಮನ್ಯಾಗ ಕೆಟ್ಟದ್ದಾಗ್ತದ ಅಂತ ಕೆಳಗ ಬರದಿತ್ತು. ಅವ್ವ ಕಳಸ್ಲಿಲ್ಲ, ಮರುದಿನ ಬಚ್ಚಲದಾಗ ಜಾರಿ ಕಾಲು ಉಳುಕ್ತು. ಈಗ ಮುಂಜಾನೆ ಎದ್ದ ಕೂಡ್ಲೆ ಬಂದದ್ದೆಲ್ಲಾ ಮುಂದ ದಬ್ಬತಾಳ, ಸಿಲಿಂಡರ್ ತರೋ ಹುಡುಗನ್ನೂ ಬಿಟ್ಟಿಲ್ಲ. ಬೈದ್ರ ಅಳ್ತಾಳ. ಏನ್ ಮಾಡ್ಲಿ?
- ಆಳಂದದ ಓದುಗ

ಉತ್ತರ: ತಮ್ಮಾ, ಮೊದ್ಲು ಬೈಯೋದು ಬಿಡು. ಇದು ಫೋನಿನ ಜೋಡಿ ಹುಟ್ಟಿದ್ದಲ್ಲ, ನಾ ಸಾಲಿಗಿ ಹೋಗುವಾಗ ಪೋಸ್ಟ್ ಕಾರ್ಡಿನ್ಯಾಗ ಬರ್ತಿತ್ತು, 21 ಕಾರ್ಡ್ ಬರೀರಿ ಇಲ್ಲಂದ್ರ ರಕ್ತ ಕಾರ್ತೀರಿ ಅಂತ, ನಮ್ಮಪ್ಪ 15 ಪೈಸೆಕ್ಕೊಂದು ಕಾರ್ಡು ಅಂತ ಲೆಕ್ಕ ಹಾಕಿ, ದೇವ್ರ ಹೆಸರ್ಲೆ ಪೋಸ್ಟಿಗಿ ಮೂರು ರೂಪಾಯಿ 15 ಪೈಸೆ ಯಾಕ ಸುರೀಲಿ ಅಂತ ಒಲಿಗಿ ಹಾಕಿದ್ದ. (ಅವ್ವ ಎರಡು ದಿನ ಸರಿ ಉಣ್ಲಿಲ್ಲ, ಅದು ಬ್ಯಾರೆ ಮಾತು.)

ಗುರ್ತು ಹಿಡಿಯೋದು ಸರಳ ಅದ. ಮೆಸೇಜಿನ ಮ್ಯಾಲ ಎರಡು ಬಾಣ ಇದ್ರ ಅದು ಕಡಿಮಿ ಅಂದ್ರೂ ಐದು ಕೈ ದಾಟಿ ಬಂದದ. ಅಂಥಾದ್ದನ್ನ 2020ರಿಂದ ವಾಟ್ಸಾಪ್ ಒಂದು ಸಲಕ್ಕ ಒಂದೇ ಚಾಟಿಗಿ ಕಳಸ್ಲಿಕ್ಕ ಬಿಡ್ತದ, ಅಂದ್ರ ನಿಮ್ಮವ್ವ ಆ ನೋವಿನ ಕಾಲು ಚಾಚಿ ಕುಂತು 11 ಸಲ ಒತ್ಲಕತ್ತಾಳ. "ನಿನ್ನೆ ಒಬ್ಬಾಂವ ಕಳಸ್ಲಿಲ್ಲ, ಅವನ ಅಂಗಡಿ ಸುಟ್ತು" ಅಂತಿರ್ತದ ನೋಡು, ಯಾವ ಊರು, ಯಾವ ತಾರೀಖು ಏನೂ ಇರಂಗಿಲ್ಲ, ಐದು ವರ್ಷ ಬಿಟ್ಟು ಬಂದ್ರೂ ಅದು ನಿನ್ನೇನೇ! ಇನ್ನ ಎಲ್ರೂ 11 ಮಂದಿಗಿ ಕಳಿಸ್ಕೋತ ಹೋದ್ರ ಎಂಟನೇ ಸುತ್ತಿಗೇ 21 ಕೋಟಿ ದಾಟ್ತದ, ಹತ್ತನೇದಕ್ಕ ಭೂಮಿ ಮ್ಯಾಲ ಅಷ್ಟು ಮಂದೀನೇ ಇಲ್ಲ.

ಫೋಟೋದ ಕೆಳಗ ಲಿಂಕು, ಫ್ರೀ ರೀಚಾರ್ಜು ಅಂತಿದ್ರ ಮಾತ್ರ ಸಲಿಗಿ ಬ್ಯಾಡ, ಫೋನ್ ಇಸ್ಕೊಂಡು ನೀನೇ ಅಳಿಸು, ಯಾಮಾರಿ ರೊಕ್ಕ ಹೋದ್ರ ತಡ ಮಾಡ್ದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚು.

ಖರೇ ಅಂದ್ರ ಅವ್ವಗ ಈ ಲೆಕ್ಕ ಹೇಳಿ ಉಪಯೋಗಿಲ್ಲ, ಅಂಜಿಕಿ ಲೆಕ್ಕಕ್ಕ ಹೋಗಂಗಿಲ್ಲ. "ಎಲ್ಲಾ ನನಗೇ ಕಳ್ಸವ್ವಾ, ನಾ ಮುಂದ ಕಳಸಂಗಿಲ್ಲ, ಆಗೋದು ನನಗಾಗ್ಲಿ" ಅನ್ನು. ನಮ್ಮ ಕಾಕುಗ ನಾ ಹಿಂಗೇ ಹೇಳಿದ್ದೆ. ಒಂದು ವಾರ ಕಳಿಸಿದ್ಲು, ಆಮ್ಯಾಲ ನನಗೇನರ ಆದೀತಂತ ಹೆದರಿ ಬಂದದ್ದನ್ನ ತಾನೇ ಅಳಿಸ್ಲಿಕ್ಕ ಶುರು ಮಾಡಿದ್ಲು.