ಓದುಗರ ಪ್ರಶ್ನೆ: ಅಂಗಳದ ಹುಲ್ಲು, ಇಂಟರ್‌ಲಾಕ್ ಮತ್ತು ನಗರಸಭೆ

ಪ್ರಶ್ನೆ: ನಮ್ಮ ಕಾಲನಿಯಲ್ಲಿ ಹೊಸ ಮನೆ ಕಟ್ಟಿದವರೆಲ್ಲ ಕಾರ್ಪೆಟ್ ಹುಲ್ಲು ಹಾಕಿಸುತ್ತಿದ್ದಾರೆ. ಮಾರ್ಚ್ ಬಂತೆಂದರೆ ನಮಗೆ ನಳ್ಳಿ ನೀರು ಬಂದರೆ ಬಂತು. ಅವರ ಹುಲ್ಲಿಗೆ ಮಾತ್ರ ಬೆಳಗ್ಗೆ ಸಂಜೆ ಪೈಪು. ಅಮೆರಿಕದಲ್ಲಿರುವ ನನ್ನ ಮಗ ಹೇಳಿದ, ಲಾಸ್ ವೇಗಸ್‌ನಲ್ಲಿ ಹುಲ್ಲು ಕಿತ್ತರೆ ದುಡ್ಡು ಕೊಡುತ್ತಾರಂತೆ. ನಮ್ಮ ನಗರಸಭೆಯಲ್ಲೂ ಹಾಗೊಂದು ನಿಯಮ ಮಾಡಿಸಬಹುದಾ?
– ನಿವೃತ್ತ ಅಧ್ಯಾಪಕರು, ವಿದ್ಯಾನಗರ, ಕಾಸರಗೋಡು

ಉತ್ತರ: ಮಾಷ್ಟ್ರೇ, ನಿಮ್ಮ ಮಗ ಹೇಳಿದ್ದು ನಿಜ. ಮರುಭೂಮಿಯ ನಡುವಿನ ಊರಾದ ಲಾಸ್ ವೇಗಸ್‌ನ ನೀರು ಪ್ರಾಧಿಕಾರ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಹುಲ್ಲು ತೆಗೆದವರಿಗೆ ಚದರ ಅಡಿ ಲೆಕ್ಕದಲ್ಲಿ ಹಣ ಕೊಡುತ್ತಿದೆ. ಒಂದು ಚದರ ಅಡಿ ಹುಲ್ಲು ಹೋದರೆ ವರ್ಷಕ್ಕೆ 55 ಗ್ಯಾಲನ್, ಅಂದರೆ 200 ಲೀಟರಿಗಿಂತ ಜಾಸ್ತಿ ನೀರು ಉಳಿಯುತ್ತದೆ ಎಂಬುದು ಅವರ ಲೆಕ್ಕ. 2021ರಲ್ಲಿ ಆ ಊರಿರುವ ನೆವಾಡಾ ರಾಜ್ಯ ಇನ್ನೂ ಮುಂದೆ ಹೋಯಿತು. ಯಾರೂ ಕಾಲಿಡದ, ಬರೀ ನೋಡಲಿಕ್ಕಿರುವ ಹುಲ್ಲಿಗೆ 2027ರಿಂದ ಕೊಲೊರಾಡೊ ನದಿಯ ನೀರು ಹಾಯಿಸಬಾರದು ಎಂದು ಕಾನೂನೇ ಮಾಡಿತು. ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ರಸ್ತೆ ಬದಿ, ಆಫೀಸುಗಳ ಮುಂದೆ, ವೃತ್ತಗಳಲ್ಲಿ ಇರುವ ಹುಲ್ಲಿಗೆ ಮಾತ್ರ.

ಆದರೆ ದುಡ್ಡಿನ ಸುದ್ದಿಗಿಂತ ಅದರ ಷರತ್ತುಗಳನ್ನು ನೋಡಬೇಕು. ಮೊದಲು ಅರ್ಜಿ, ಆಮೇಲೆ ಅವರ ಕಡೆಯವರು ಬಂದು ಜೀವಂತ ಹುಲ್ಲನ್ನು ನೋಡುವುದು, ಅದಾದ ಮೇಲೆ ಕೀಳುವುದು. ಕಿತ್ತ ಜಾಗಕ್ಕೆ ಜಲ್ಲಿ ಸುರಿದು ಕೈತೊಳೆದುಕೊಳ್ಳುವ ಹಾಗಿಲ್ಲ. ಗಿಡಗಳು ಬೆಳೆದಾಗ ಕನಿಷ್ಠ ಅರ್ಧ ಜಾಗವನ್ನಾದರೂ ಹಸಿರು ಮುಚ್ಚಿರಬೇಕು. ಆ ಜಾಗದಲ್ಲಿ ಮತ್ತೆ ಹುಲ್ಲು ಹಾಕುವುದಿಲ್ಲ ಎಂದು ಬರೆದುಕೊಡಬೇಕು. ಇಷ್ಟೂ ಇಲ್ಲದೆ ಇಲ್ಲಿ ಸಬ್ಸಿಡಿ ಅಂತ ಘೋಷಿಸಿದರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹುಲ್ಲೇ ಇಲ್ಲದ ಅಂಗಳಕ್ಕೂ ಹುಲ್ಲು ಕಿತ್ತ ಹಣ ಹೋಗುತ್ತದೆ.

ಇನ್ನು ನಮ್ಮ ಲೆಕ್ಕ. ಬಿಸಿಲುಗಾಲದಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಹಾಗಾದರೆ ದಿನಕ್ಕೆ 160ರಿಂದ 200 ಲೀಟರ್. ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟಿದ್ದಾರೆ. ಒಂದು ಸೆಂಟ್ಸ್ ಹುಲ್ಲು ಮೂರು ಜನರ ನೀರು ಕುಡಿಯುತ್ತದೆ, ಅದೂ ಪೈಪು ಸರಿಯಾಗಿ ಹಿಡಿದರೆ. ಈ ಒಂದು ಲೆಕ್ಕವನ್ನು ಕೌನ್ಸಿಲರ್ ಮುಂದಿಡಿ, ಉಳಿದ ಭಾಷಣ ಬೇಡ.

ಯಾವ ಬಾಗಿಲು ತಟ್ಟಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ನಳ್ಳಿ ನೀರು ಮತ್ತು ಅದರ ಬಿಲ್ಲು ಕೇರಳ ಜಲ ಪ್ರಾಧಿಕಾರದ್ದು. ಕಟ್ಟಡದ ಪರ್ಮಿಟ್ಟು ಮತ್ತು ಆಸ್ತಿ ತೆರಿಗೆ ನಗರಸಭೆಯದ್ದು. ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಕೊಡಿ ಎಂದು ನಗರಸಭೆಗೆ ಹೋಗಿ ಕೇಳಿದರೆ ಅವರು ನಗುತ್ತಾರೆ. ತೆರಿಗೆಯಲ್ಲಿ ಕೇಳಿ. ಪುಣೆ ಮಹಾನಗರಪಾಲಿಕೆ ಮಳೆನೀರು ಕೊಯ್ಲು, ಸೋಲಾರ್, ಎರೆಗೊಬ್ಬರ ಮಾಡಿದವರಿಗೆ ಆಸ್ತಿ ತೆರಿಗೆಯಲ್ಲಿ ಶೇ. 5ರಿಂದ 10ರವರೆಗೆ ರಿಯಾಯಿತಿ ಕೊಡುತ್ತದೆ. ಆ ಉದಾಹರಣೆ ಕೈಯಲ್ಲಿರಲಿ. ಇಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕಾಗಬಹುದು, ತಡವಾಗಬಹುದು.

ಅಷ್ಟರಲ್ಲಿ ಇನ್ನೊಂದು ದಾರಿ ಇದೆ. ಊರಿನ ಯೋಜನೆಯನ್ನು ಜನರೇ ಸೇರಿ ರೂಪಿಸುವ 1996ರ ಜನಕೀಯ ಯೋಜನೆಯ ನಂತರ ಕೇರಳದಲ್ಲಿ ವಾರ್ಡ್ ಸಭೆಗೆ ನಿಜವಾಗಿಯೂ ಬೆಲೆ ಇದೆ. ಅಲ್ಲಿ ಬಂದ ಬೇಡಿಕೆ ವರ್ಕಿಂಗ್ ಗ್ರೂಪಿಗೆ, ವಿಕಸನ (ಅಭಿವೃದ್ಧಿ) ಸೆಮಿನಾರಿಗೆ, ಆಮೇಲೆ ಕೌನ್ಸಿಲಿಗೆ ಹೋಗಿ ವಾರ್ಷಿಕ ಯೋಜನೆಗೆ ಸೇರಬಹುದು. ನಾವು ವಾರ್ಡ್ ಸಭೆಗೆ ಹೋಗುವುದು ಕೋಳಿಮರಿ ಸಿಗುವವರ ಪಟ್ಟಿಯಲ್ಲಿ ಹೆಸರಿದೆಯಾ ಎಂದು ನೋಡಲು ಮಾತ್ರ, ಅದೇ ತೊಂದರೆ. ಹತ್ತಿಪ್ಪತ್ತು ಮನೆಯವರು ಸೇರಿ ಹೋಗಿ. ಮೊದಲ ವರ್ಷ ಮನೆಗಳ ವಿಷಯ ಎತ್ತಲೇಬೇಡಿ. ನಗರಸಭೆಯ ಸ್ವಂತ ಪಾರ್ಕು, ಡಿವೈಡರ್, ಆಫೀಸಿನ ಅಂಗಳದಲ್ಲಿ ಹುಲ್ಲಿಗೆ ಕುಡಿಯುವ ನೀರು ಬಿಡಬಾರದು ಎಂಬ ಒಂದೇ ಠರಾವು ಕೇಳಿ. ಅದಕ್ಕೆ ಖರ್ಚಿಲ್ಲ, ವಿರೋಧಿಸುವವರೂ ಕಡಿಮೆ.

ಹಾಂ, ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಾಗಿ ನಮಗೆ ಆ ಹಕ್ಕಿದೆ, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಬಳಸದೆ ಬಿಟ್ಟರೆ ಅದೂ ಹೋಗುತ್ತದೆ.

ಪ್ರಶ್ನೆ: ವರ್ಷಕ್ಕೆ 3500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಮರುಭೂಮಿಯ ನಿಯಮ ಯಾಕೆ ಸರ್? ಸುಮ್ನೆ ಫ್ಯಾಷನ್ ಅಲ್ವಾ?
– ಕುಂಬಳೆಯ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ, ಅರ್ಧ ನಿಮ್ಮ ಪರವಾಗಿಯೇ ಇದ್ದೇನೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕೆಳಗಿರುವುದು ಮುರಕಲ್ಲು, ತೂತುತೂತಾದ ಕೆಂಪು ಕಲ್ಲು. ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಗುಡ್ಡದ ಬದಿಯಿಂದ ತೋಡಿಗೆ ಹರಿದು ಕಡಲು ಸೇರುತ್ತದೆ. ನಮ್ಮ ಹಿರಿಯರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಸುಮ್ನೆ ಸುರಂಗ ತೋಡಿದ್ದಲ್ಲ. 2017ರ ಅಂತರ್ಜಲ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' (ಅಂತರ್ಜಲದ ಸ್ಥಿತಿ ಗಂಭೀರ) ಪಟ್ಟಿಯಲ್ಲಿತ್ತು, ಇಷ್ಟು ಮಳೆ ಬಿದ್ದೂ. ಬಾವಿಕ್ಕೆರೆಯಲ್ಲಿ ಉಪ್ಪುನೀರು ತಡೆಯುವ ರೆಗ್ಯುಲೇಟರ್ ಆಗುವ ಮೊದಲು ಬೇಸಿಗೆಯಲ್ಲಿ ಪಯಸ್ವಿನಿ ಹೊಳೆಗೆ ಕಡಲಿನ ನೀರು ನುಗ್ಗಿ ಪೇಟೆಯ ನಳ್ಳಿಯಲ್ಲೆಲ್ಲ ಉಪ್ಪು ಬರುತ್ತಿದ್ದದ್ದು ಮರೆತುಹೋಯಿತಾ?

ಆದ್ದರಿಂದ ಲಾಸ್ ವೇಗಸ್‌ನ ನಿಯಮ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಬೀಳುವುದು ವರ್ಷಕ್ಕೆ 100 ಮಿ.ಮೀ. ಆಸುಪಾಸು ಮಳೆ, ಹೀರಿಸಲು ಏನೂ ಇಲ್ಲ. ನಮ್ಮ ನಿಯಮ ಎರಡು ಲೆಕ್ಕ ಕೇಳಬೇಕು. ಜನವರಿಯಿಂದ ಮೇವರೆಗೆ ಅಂಗಳ ಎಷ್ಟು ನೀರು ಕುಡಿಯುತ್ತದೆ, ಮಳೆಗಾಲದಲ್ಲಿ ಎಷ್ಟು ನೀರನ್ನು ಒಳಗೆ ಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ 500 ಚದರ ಅಡಿಗಿಂತ ದೊಡ್ಡ ಹೊಸ ತೋಟಕ್ಕೆ ಪರ್ಮಿಟ್ ಬೇಕಾದರೆ ನೀರಿನ ಬಜೆಟ್, ಅಂದರೆ ತೋಟಕ್ಕೆ ಎಷ್ಟು ನೀರು ಬೇಕು ಎಂಬ ಲೆಕ್ಕ ತೋರಿಸಬೇಕು. ಆ ಉಪಾಯ ತರೋಣ, ಅಂಕಿಗಳನ್ನು ಇಲ್ಲಿಯ ಮಳೆಗೆ ತಕ್ಕಂತೆ ಬರೆಯೋಣ.

ಪ್ರಶ್ನೆ: ಹುಲ್ಲಿನ ರಗಳೆಯೇ ಬೇಡವೆಂದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದೆವು. ಒಂದು ತೊಟ್ಟು ನೀರು ಬೇಡ. ರಿಯಾಯಿತಿ ಬಂದರೆ ಮೊದಲು ನಮಗೆ ಬರಬೇಕಲ್ಲವೇ?
– ಗೃಹಿಣಿ, ಮಧೂರು

ಉತ್ತರ: ಅಕ್ಕ, ಬರಬಾರದು ಎನ್ನುವ ಪಕ್ಷ ನನ್ನದು, ಬೇಸರ ಮಾಡಿಕೊಳ್ಳಬೇಡಿ. ಕಾಂಕ್ರೀಟಿನ ಮೇಲೆ ಕೂರಿಸಿದ ಇಂಟರ್‌ಲಾಕ್ ನೀರು ಕುಡಿಯುವುದೂ ಇಲ್ಲ, ಬಾವಿಗೆ ಇಳಿಯಲು ಬಿಡುವುದೂ ಇಲ್ಲ. ಎಪ್ರಿಲಿನಲ್ಲಿ ಮಧ್ಯಾಹ್ನ ಅಂಗಳ ಕಾದ ಕಾವಲಿ. ನನ್ನನ್ನು ಕೇಳಿದರೆ ಹುಲ್ಲಿಗಿಂತ ಇದೇ ನಮ್ಮ ಊರಿಗೆ ದೊಡ್ಡ ನಷ್ಟ.

ಎಲ್ಲ ಕೀಳಬೇಕೆಂದಿಲ್ಲ. ಕಾರು ಹೋಗುವ ದಾರಿ ಹಾಗೇ ಇರಲಿ. ಉಳಿದ ಕಡೆ ತೆಗೆದು ಕೇಪುಳ, ದಾಸವಾಳ, ಬದಿಗೆ ಲಾವಂಚ ನೆಡಿ, ಜಾಗವಿದ್ದರೆ ಒಂದು ಪುನರ್ಪುಳಿ. ಸಾರಿಗಾದರೂ ಆಗುತ್ತದೆ, ಕಾರ್ಪೆಟ್ ಹುಲ್ಲಿನಿಂದ ತಂಬುಳಿ ಮಾಡಲಿಕ್ಕಾಗುತ್ತದಾ? ಮೊದಲ ಎರಡು ಬೇಸಿಗೆ ನೀರು ಕೊಡಬೇಕು, ಆಮೇಲೆ ಹೆಚ್ಚು ಬೇಡ. ಬುಡಕ್ಕೆ ತರಗೆಲೆ, ಮಡಲು, ತೆಂಗಿನ ಸಿಪ್ಪೆ ಹಾಕಿ. ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿದಿಡುತ್ತದೆ.

ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ! ತೃಶ್ಶೂರು ಜಿಲ್ಲೆಯಲ್ಲಿ 2008ರಿಂದ 'ಮಳಪ್ಪೊಲಿಮ' ಎಂಬ ಹೆಸರಿನಲ್ಲಿ ಇದನ್ನೇ ಮಾಡುತ್ತಿದ್ದಾರೆ. ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕೇರಳದಲ್ಲಿ 2004ರಿಂದಲೇ ಕಡ್ಡಾಯ. ಪರ್ಮಿಟ್ಟಿನ ನಕ್ಷೆಯಲ್ಲಿ ಟ್ಯಾಂಕು ಇರುತ್ತದೆ, ಮನೆಯಲ್ಲಿ ಹುಡುಕಬೇಕು.

ಪ್ರಶ್ನೆ: ಹುಲ್ಲು ಬಿಡುವವರಿಗೆ ರಿಯಾಯಿತಿ ಯಾಕೆ? ನೀರು ಹಾಳು ಮಾಡುವವರಿಗೆ ದಂಡ ಹಾಕಿದರೆ ಸಾಲದಾ?
– ವಿದ್ಯಾರ್ಥಿ, ಉಪ್ಪಳ

ಉತ್ತರ: ಬೆಂಗಳೂರಿನ ಜಲಮಂಡಳಿ 2024ರ ಮಾರ್ಚಿನಲ್ಲಿ ಅದನ್ನೇ ಮಾಡಿತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ. ಕಷ್ಟದ ತಿಂಗಳಲ್ಲಿ ಅದು ಬೇಕು. ಆದರೆ ದಂಡಕ್ಕೆ ಹೆದರಿ ಪೈಪು ಬದಿಗಿಟ್ಟವರು ಮಳೆ ಬಂದ ಮೇಲೆ ಮತ್ತೆ ಹಿಡಿಯುತ್ತಾರೆ, ಅಂಗಳ ಬದಲಾಗುವುದಿಲ್ಲ. ಅಂಗಳ ಬದಲಿಸಲು ಖರ್ಚಿದೆ, ಆ ಖರ್ಚಿನಲ್ಲಿ ಪಾಲು ಕೊಟ್ಟರೆ ಜನ ಮುಂದೆ ಬರುತ್ತಾರೆ. ಅಡಿಕೆ ತೋಟಕ್ಕೆ ಡ್ರಿಪ್ ಹಾಕುವಾಗ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನ ಕೇಂದ್ರದ ಯೋಜನೆಯಲ್ಲಿದೆ. ನಿಮ್ಮ ಮನೆಯಲ್ಲಿ ತೋಟವಿದ್ದರೆ ಅಪ್ಪನನ್ನು ಕೇಳಿ ನೋಡಿ, ಅದಿಲ್ಲದಿದ್ದರೆ ಆ ಪೈಪು ಅಲ್ಲಿಗೆ ಬರುತ್ತಿತ್ತಾ ಅಂತ.