ನೌಕೆಯ ಬಿಸಿ ಎಲ್ಲಿಗೆ ಹೋಗುತ್ತದೆ?

ಸಾಗರದಿಂದ ಬರೆದ ಗೆಳೆಯರಿಗೆ ನಮಸ್ಕಾರ.

ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿಯ ಬಾಹ್ಯಾಕಾಶ ನೌಕೆ ನಿಜಕ್ಕೂ ಹೇಗೆ ಓಡಬಹುದು ಎಂಬ ನಿಮ್ಮ ಲೇಖನ ತಲುಪಿತು. ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೈಗುಳ ಮುಗಿಸಿಬಿಡೋಣ. ಬೆಳಕಿಗಿಂತ ವೇಗವಾಗಿ ಒಯ್ಯುವ ವಾರ್ಪ್ ಎಂಜಿನ್, ಜನರನ್ನು ನೌಕೆಯಿಂದ ಗ್ರಹಕ್ಕೆ ಕ್ಷಣದಲ್ಲಿ ಸಾಗಿಸುವ ಟ್ರಾನ್ಸ್‌ಪೋರ್ಟರ್, ಗುರಾಣಿ, ಕೃತಕ ಗುರುತ್ವ, ಹೀಗೆ ಎಲ್ಲವನ್ನೂ ಒಂದೇ ಸಲ ವಿವರಿಸಲು ಹೊರಟಿದ್ದೀರಿ. ಎಲ್ಲಿ ಕಷ್ಟ ಬರುತ್ತದೋ ಅಲ್ಲಿ ‘ಕ್ವಾಂಟಮ್ ಕ್ಷೇತ್ರದ ಮೂಲಕ’ ಎಂದು ಬರೆದು ದಾಟಿಬಿಡುತ್ತೀರಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ, ನೋಡಿಕೊಳ್ಳಿ. ಅಷ್ಟನ್ನೂ ಹೊಡೆದು ಹಾಕಿ ಇನ್ನೊಮ್ಮೆ ಓದಿ. ಅರ್ಥದಲ್ಲಿ ಏನೂ ಕಮ್ಮಿಯಾಗುವುದಿಲ್ಲ. ಅಂದರೆ ಅಲ್ಲಿ ಮೊದಲೇ ಏನೂ ಇರಲಿಲ್ಲ, ಅಲ್ವಾ?

ವಾರ್ಪ್ ಸಾಧ್ಯ ಅಂತ 1994ರಲ್ಲೇ ಸಾಬೀತಾಗಿದೆ ಎಂದಿದ್ದೀರಿ. ಇಲ್ಲ. ಆ ವರ್ಷ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ತೋರಿಸಿದ್ದು ಇಷ್ಟು: ನೌಕೆಯ ಮುಂದಿನ ಜಾಗ ಕುಗ್ಗಿ ಹಿಂದಿನ ಜಾಗ ಹಿಗ್ಗಿದರೆ, ಅದು ಬೆಳಕಿಗಿಂತ ಮೊದಲೇ ಊರು ಮುಟ್ಟಬಹುದು. ಐನ್‌ಸ್ಟೈನ್ ಸಮೀಕರಣಗಳು ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಅದಕ್ಕೆ ಋಣ ಶಕ್ತಿ, ಅಂದರೆ ಸೊನ್ನೆಗಿಂತಲೂ ಕಡಿಮೆ ಇರುವ ಶಕ್ತಿ ಬೇಕು, ಅಷ್ಟು ಪ್ರಮಾಣದಲ್ಲಿ ಅದನ್ನು ಯಾರೂ ಕಂಡಿಲ್ಲ. ಈ ಕೊನೆಯ ಮಾತು ಬಿಟ್ಟು ಬರೆದರೆ ಅದು ವಾಟ್ಸ್ಆ್ಯಪ್ ಫಾರ್ವರ್ಡ್.

ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೇ ಖರ್ಚು ಉಳಿಸಲು. 1966ರಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ಪ್ರತಿ ವಾರ ನೌಕೆಯನ್ನು ಹೊಸ ಗ್ರಹಕ್ಕೆ ಇಳಿಸಿ ತೋರಿಸುವುದು ದುಬಾರಿಯಾಗಿತ್ತು. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಆ ಭಾಗವನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ಈಗ ನನಗೆ ಇಷ್ಟವಾದ ಜಾಗ. ನಡುವೆ ಎಲ್ಲೋ ಒಂದು ಕಡೆ, ಇಷ್ಟೊಂದು ಶಕ್ತಿ ಉರಿಸುವ ನೌಕೆ ಬಿಸಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬಾಹ್ಯಾಕಾಶ ತಣ್ಣಗಿದೆ, ತಾನೇ ಆರುತ್ತದೆ ಎಂದು ಉತ್ತರವನ್ನೂ ಕೊಟ್ಟು ಕೈತೊಳೆದುಕೊಂಡಿದ್ದೀರಿ. ಪ್ರಶ್ನೆ ಚಿನ್ನ. ಉತ್ತರ ತಪ್ಪು.

ನೀವು ಲಿಂಗನಮಕ್ಕಿಯ ಪಕ್ಕದವರು. ಅಲ್ಲಿಂದಲೇ ಶುರು ಮಾಡಬಹುದಿತ್ತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನೌಕೆಯ ಇಂಧನ ಆಂಟಿಮ್ಯಾಟರ್, ಅಂದರೆ ಮಾಮೂಲಿ ದ್ರವ್ಯದ ತದ್ವಿರುದ್ಧ ಜೋಡಿ. ಅದರ ಒಂದು ಗ್ರಾಂ ಒಂದು ಗ್ರಾಂ ಮಾಮೂಲಿ ದ್ರವ್ಯಕ್ಕೆ ತಾಗಿ ಎರಡೂ ಇಲ್ಲವಾದರೆ, ಅಲ್ಲಿನ ಹತ್ತೂ ಟರ್ಬೈನ್ ಎರಡು ದಿನ ಎಡೆಬಿಡದೆ ತಿರುಗಿ ಕೊಡುವಷ್ಟು ಶಕ್ತಿ ಬರುತ್ತದೆ. ನೀವು ಸುಮ್ನೆ ‘ಅಪಾರ ಶಕ್ತಿ’ ಎಂದು ಬರೆದಿದ್ದೀರಿ. ಅಪಾರ ಎಂದರೆ ಯಾರಿಗೆ ಏನು ಗೊತ್ತಾಗುತ್ತದೆ?

ಇನ್ನು ಬಿಸಿ. ಇಲ್ಲಿ ಎಂಜಿನ್ ಕಾದರೆ ಗಾಳಿ ಇದೆ, ನೀರಿದೆ. ಅಲ್ಲಿ ಎರಡೂ ಇಲ್ಲ. ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ಗಾಳಿ ತೆಗೆಯುವುದೇ ಕಾಫಿ ಆರದಿರಲಿ ಎಂದು. ನಿಮ್ಮ ನೌಕೆ ಅಂಥ ಫ್ಲಾಸ್ಕಿನೊಳಗೆ ಕೂತಿದೆ. ಬಿಸಿ ಹೊರಹೋಗಲು ಇರುವುದು ವಿಕಿರಣದ, ಅಂದರೆ ಬೆಳಕಿನ ಹಾಗೆ ಸೂಸಿ ಹೋಗುವ ದಾರಿಯೊಂದೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಷ್ಟು ದೊಡ್ಡ ರೇಡಿಯೇಟರ್ ಹಲಗೆಗಳಿರುವುದು, ಅವುಗಳಲ್ಲಿ ಅಮೋನಿಯಾ ಹರಿಯುವುದು ಇದಕ್ಕಾಗಿಯೇ.

27 ಡಿಗ್ರಿಯಲ್ಲಿರುವ ಹಲಗೆಯ ಒಂದು ಚದರ ಮೀಟರ್ ಮೈಯಿಂದ ಹೆಚ್ಚೆಂದರೆ 460 ವಾಟ್ ಹೊರಹೋಗುತ್ತದೆ. ಶರಾವತಿಯ ಉತ್ಪಾದನೆಯಷ್ಟು ಬಿಸಿ ಕಳೆಯಲು ಸುಮಾರು 550 ಎಕರೆ ಬೇಕು. ಎರಡೆಕರೆ ಅಡಿಕೆ ತೋಟ ಇರುವ ನಮ್ಮ ಓದುಗರಿಗೆ ಈ ಲೆಕ್ಕ ತಕ್ಷಣ ತಲೆಗೆ ಹೋಗುತ್ತದೆ. ಅದೇ ಹಲಗೆಯನ್ನು 727 ಡಿಗ್ರಿಗೆ ಕಾಯಿಸಿ, ನಾಲ್ಕೂವರೆ ಎಕರೆ ಸಾಕು. ಆದರೆ ಆಗ ಅದು ಕೆಂಡದ ಹಾಗೆ ಕೆಂಪಗಿರುತ್ತದೆ. ಕತ್ತಲಲ್ಲಿ ಎಷ್ಟು ದೂರದಿಂದ ಕಾಣಬಹುದು, ಯೋಚಿಸಿ.

ಅಲ್ಲಿಗೆ, ಶತ್ರುವಿನ ಕಣ್ಣಿಗೆ ಬೀಳದೆ ಅಡಗುವ ನೌಕೆಯ ಬಗ್ಗೆ ನೀವು ಬರೆದ ಭಾಗ ಬಿದ್ದುಹೋಯಿತು. ಬೇಜಾರಾಗಬೇಡಿ, ನಿಜವಾದ ಕಥೆ ಇಲ್ಲಿಂದ ಶುರು. ಹಲಗೆ ಮಡಚಿಟ್ಟು, ಬಿಸಿಯನ್ನು ಒಳಗೇ ಹಿಡಿದಿಡಬೇಕು. ಎಲ್ಲಿ? ಮಂಜುಗಡ್ಡೆ ತುಂಬಿದ ಟ್ಯಾಂಕಿನಲ್ಲಿ ಎನ್ನಿ. ಅಷ್ಟು ಬಿಸಿಗೆ ಸೆಕೆಂಡಿಗೆ ಮೂರು ಟನ್ ಮಂಜುಗಡ್ಡೆ ಕರಗುತ್ತದೆ. ಒಂದು ಗಂಟೆ ಅಡಗಬೇಕೆಂದರೆ ಹನ್ನೊಂದು ಸಾವಿರ ಟನ್. ಅದು ಮುಗಿದ ಮೇಲೆ ಕ್ಯಾಪ್ಟನ್ ಮುಂದೆ ಎರಡೇ ದಾರಿ: ಹಲಗೆ ಬಿಚ್ಚಿ ಸಿಕ್ಕಿಬೀಳುವುದು, ಇಲ್ಲವೇ ಒಳಗೇ ಬೇಯುವುದು. ಧಾರಾವಾಹಿಯವರು ಇದನ್ನೆಲ್ಲ ಹೇಳಬೇಕಾಗಿಲ್ಲ, ಅವರಿಗೆ ಕಥೆ ಮುಂದೆ ಹೋದರೆ ಆಯಿತು. ಅಭಿಮಾನಿಯ ಕೆಲಸವೇ ಬೇರೆ. ಕಥೆಗಾರ ಹೇಳಿದ ಒಂದು ದೊಡ್ಡ ಸುಳ್ಳನ್ನು ನೀವು ನಗುತ್ತಲೇ ಒಪ್ಪಿಕೊಳ್ಳಬೇಕು. ಆಮೇಲೆ ಪೈಸೆ ಪೈಸೆಗೂ ಲೆಕ್ಕ ಕೇಳಬೇಕು. ನೀವು ಸುಳ್ಳನ್ನೇ ನಿಜ ಮಾಡಲು ಒದ್ದಾಡಿದ್ದೀರಿ, ಲೆಕ್ಕ ಕೇಳಲೇ ಇಲ್ಲ.

ವಿಜ್ಞಾನದ ಮಹತ್ವ ಸಾರುವ ಮೊದಲ ಎರಡು ಪುಟ ಹರಿದು ಹಾಕಿ. ಬಿಸಿಯ ಪ್ರಶ್ನೆಯಿಂದ ಶುರು ಮಾಡಿ. ಸಾವಿರದ ಇನ್ನೂರು ಪದ ಮೀರಬೇಡಿ. ನನ್ನ ಅಂಕಿಗಳನ್ನು ಹಾಗೇ ಎತ್ತಿ ಹಾಕಬೇಡಿ, ನೀವೇ ಲೆಕ್ಕ ಮಾಡಿ ಹಾಳೆಯನ್ನೂ ಲಗತ್ತಿಸಿ. ನಮ್ಮ ಬಳಗದಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ, ಇಬ್ಬರದ್ದನ್ನೂ ನೋಡುತ್ತಾರೆ. ಆಯುಧಪೂಜೆಯೊಳಗೆ ಕೈಸೇರಿದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.

ಸಂಪಾದಕ,
ಶಿವಮೊಗ್ಗ