ಹಾವಿನ ವಿಷವನ್ನು ಯಾಕೆ ಬಿಡಿಸಿ ನೋಡಬೇಕು?

ಹಾವಿನ ವಿಷವನ್ನು ಇಡಿಯಾಗಿ ಪರೀಕ್ಷಿಸಿದರೆ ಸಾಲದೇ, ಭಾಗ ಭಾಗ ಮಾಡುವ ಕಷ್ಟ ಯಾಕೆ ಎಂದು ಕೇಳಿದ್ದೀರಿ. ಸಾಲದು. ವಿಷ ಅಂದರೆ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಬೆರಕೆ. ಒಂದು ನರದ ಸಂದೇಶ ತಡೆಯುತ್ತದೆ, ಇನ್ನೊಂದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಮತ್ತೊಂದು ಮಾಂಸಖಂಡ ಕೆಡಿಸುತ್ತದೆ. ಎಲ್ಲ ಒಟ್ಟಿಗಿದ್ದರೆ ಯಾವುದರ ಕೆಲಸ ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಬೇರ್ಪಡಿಸಲು ಕ್ರೊಮ್ಯಾಟೋಗ್ರಫಿ ಬಳಸುತ್ತಾರೆ. ಸಣ್ಣ ಮಣಿಗಳು ತುಂಬಿದ ಕೊಳವೆಯಲ್ಲಿ ವಿಷದ ದ್ರಾವಣ ಹರಿಯುತ್ತದೆ. ಗಾತ್ರಕ್ಕೋ ವಿದ್ಯುದಂಶಕ್ಕೋ ತಕ್ಕಂತೆ ಪ್ರೋಟೀನುಗಳು ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಆಲ್ಫಾ-ಬಂಗಾರೋಟಾಕ್ಸಿನ್. 1963ರಲ್ಲಿ ತೈವಾನಿನ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ವಿಷದಿಂದ ಇದನ್ನು ಬೇರ್ಪಡಿಸಿದರು. 74 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಅಷ್ಟೇ. ನರ ಕಳಿಸುವ ಸಂದೇಶವನ್ನು ಸ್ನಾಯುವಿನ ಮೇಲೆ ಹಿಡಿಯುವ ಒಂದು ಗ್ರಾಹಕವಿದೆ, ಅದಕ್ಕೆ ಇದು ಹೋಗಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಸ್ನಾಯು ಕೆಲಸ ನಿಲ್ಲಿಸುತ್ತದೆ. ಉಸಿರಾಟದ ಸ್ನಾಯುವೂ ಸೇರಿ.

ಆ ಅಂಟುವ ಗುಣವನ್ನೇ ಸಂಶೋಧಕರು ಗಾಳ ಮಾಡಿಕೊಂಡರು. ವಿದ್ಯುತ್ ಮೀನುಗಳ ಮೈಯಲ್ಲಿ ವಿದ್ಯುತ್ ಹುಟ್ಟಿಸುವ ಅಂಗದಲ್ಲಿ ಈ ಗ್ರಾಹಕ ಬಹಳ ಜಾಸ್ತಿ. 1970ರ ಸುಮಾರಿಗೆ ಈ ವಿಷದ ನೆರವಿನಿಂದಲೇ ಅದನ್ನು ಅಲ್ಲಿಂದ ಹಿಡಿದು ತೆಗೆದರು. ಅಲ್ಲಿಯವರೆಗೆ ಹೆಚ್ಚಾಗಿ ಊಹೆಯಲ್ಲೇ ಇದ್ದ ವಸ್ತು ಕೈಗೆ ಸಿಕ್ಕಿತು! ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ಸೋಲುವ ಕಾಯಿಲೆ ಪತ್ತೆಗೆ ಮಾಡುವ ರಕ್ತ ಪರೀಕ್ಷೆಯಲ್ಲೂ ಈ ವಿಷ ಬಳಕೆಗೆ ಬಂತು. ಬೆರಕೆ ವಿಷದಿಂದ ಇದು ಆಗುವ ಮಾತೇ ಅಲ್ಲ.

ಶಂಕುಹುಳ (ಕೋನ್ ಸ್ನೇಲ್) ಎಂಬ ಸಮುದ್ರದ ಬಸವನಹುಳುವಿನ ವಿಷದಿಂದಲೂ ಒಂದು ನೋವುನಿವಾರಕ ಬಂದಿದೆ, ಜಿಕೊನೊಟೈಡ್. ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ಬಿಡುವಾದಾಗ ಅದರ ಬಗ್ಗೆಯೂ ಓದಿ.